ಪಾಲಿನ ಸೊಸೆ

ಶಿವಗಂಗಾ ಭಾಲ್ಕಿ ಕಡೆಯಿಂದ ಗಡಿ ದಾಟಿ ನ್ಯಾಲ್ಕಲ್ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದ ಎಂಟನೆಯ ದಿನಕ್ಕೇ ಆಕೆಗೊಂದು ಅಡ್ಡಹೆಸರು ಬಿತ್ತು. ಆ ಹೆಸರಿನ ಕಥೆಯನ್ನು ಮೊದಲು ಹೇಳಿಬಿಡಬೇಕು. ಅದಿಲ್ಲದೆ ಉಳಿದದ್ದಕ್ಕೆ ರುಚಿ ಇಲ್ಲ.

ಆ ಮುಂಜಾನೆ ಮಾವ ಮಾಣಿಕಪ್ಪನಿಗೂ ಅವನ ತಮ್ಮನಿಗೂ ಹೊಲ ಹಂಚಿಕೊಳ್ಳುವ ವಿಷಯಕ್ಕೆ ಮಾತು ಬೆಳೆದು, ತಮ್ಮ ಟವೆಲ್ ಕೊಡವಿ ಎದ್ದು ಹೋಗಿದ್ದ. ಅದೇ ಹೊತ್ತಿಗೆ ಬಾಗಿಲಲ್ಲಿ ಯಾರೋ ಹೆಂಗಸು ನಿಂತು, "ಪಾಲು ಉನ್ನಾಯಾ?" ಎಂದಳು. ಶಿವಗಂಗಾ ಪಡಸಾಲೆಗೆ ಓಡಿದಳು.

"ಮಾವಾ, ಪಾಲು ಕೇಳಾಕ ಬಂದಾರ್ರಿ."

ಮಾಣಿಕಪ್ಪನ ಮುಖ ಕೆಂಪಾಯಿತು. "ಈಗ ಹೆಣ್ಮಕ್ಕಳ್ನ ಮುಂದ ಮಾಡಿ ಕಳಿಸಾಕ ಹತ್ಯಾನೇನು ಅಂವ? ಕರೀರಿ ಪಂಚರನ್ನ" ಎಂದು ರುಮಾಲು ಸುತ್ತಿಕೊಂಡ. ನಾಲ್ಕು ಜನ ಹಿರಿಯರು ಬಂದು ನೋಡಿದರೆ, ಬಾಗಿಲಲ್ಲಿ ಪಕ್ಕದ ಮನೆಯ ಸಾಯಮ್ಮ ಖಾಲಿ ತಂಬಿಗೆ ಹಿಡಿದುಕೊಂಡು ಹೆದರಿ ನಿಂತಿದ್ದಾಳೆ. ಮನೆಗೆ ಬೀಗರು ಬಂದಿದ್ದರು, ಚಹಕ್ಕೆ ಹಾಲಿರಲಿಲ್ಲ. ತೆಲುಗಿನಲ್ಲಿ ಪಾಲು ಅಂದರೆ ಹಾಲು.

ಅಂದಿನಿಂದ ಶಿವಗಂಗಾ 'ಪಾಲಿನ ಸೊಸೆ' ಆದಳು. ಬಾವಿಕಟ್ಟೆಯಲ್ಲಿ, ಗಿರಣಿಯಲ್ಲಿ, ಎಲ್ಲಿ ಹೋದರೂ ಅದೇ ಹೆಸರು. ಆಕೆ ತೆಲುಗಿಗೆ ಬಾಯಿ ಹೊಲಿದುಕೊಂಡಳು. ಎರಡು ವರ್ಷ ಸಾಯಮ್ಮನ ಮನೆ ಮುಂದೆ ಹಾಯಲಿಲ್ಲ, ಹಿತ್ತಲ ಹಾದಿಯೇ ಗತಿಯಾಯಿತು.

ಹೀಗಿರುವಾಗ ಎರಡು ಸಾವಿರದ ಹನ್ನೊಂದರ ಬೇಸಿಗೆಯಲ್ಲಿ ಇವರ ಓಣಿಯ ಅಂಗನವಾಡಿಗೆ ಟೀಚರ್ ಬೇಕೆಂದು ಸುದ್ದಿ ಬಂತು. ಓಣಿಯಲ್ಲಿ ಅರ್ಧ ಮನೆ ಕನ್ನಡ, ಅರ್ಧ ಮನೆ ತೆಲುಗು. ಅರ್ಜಿ ಹಾಕಿದವರನ್ನು ಜಹೀರಾಬಾದಿನಲ್ಲಿ ತೆಲುಗಿನಲ್ಲಿ ಮಾತನಾಡಿಸಿ ಆರಿಸುತ್ತಾರಂತೆ. ತವರಿನಲ್ಲಿದ್ದಾಗ ಓಣಿಯ ಮಕ್ಕಳನ್ನೆಲ್ಲ ಕೂಡಿಸಿಕೊಂಡು ಅಕ್ಷರ ಕಲಿಸುತ್ತಿದ್ದವಳು ಶಿವಗಂಗಾ. ಇಲ್ಲಿಗೆ ಬಂದ ಮೇಲೆ 'ಹೂಂ' ಎನ್ನುವವಳಷ್ಟೇ ಆಗಿದ್ದಳು. ಈ ಕೆಲಸ ಒಮ್ಮೆ ಬೇರೆಯವರ ಪಾಲಾದರೆ ಮತ್ತೆ ಇಪ್ಪತ್ತು ವರ್ಷ ತೆರವಾಗುವುದಿಲ್ಲ, ಅದು ಆಕೆಗೆ ಗೊತ್ತಿತ್ತು. ಅರ್ಜಿ ಹಾಕಿಯೇಬಿಟ್ಟಳು.

ಊರ ಶಾಲೆಯ ಕಲ್ಯಾಣಪ್ಪ ಮಾಸ್ತರರು ದಿನಾ ಸಂಜೆ ಬಂದು ಪಾಠ ಹೇಳತೊಡಗಿದರು. ನಲವತ್ತು ಪ್ರಶ್ನೆ, ನಲವತ್ತು ಉತ್ತರ, ಎಲ್ಲ ವಹಿಯಲ್ಲಿ ಬರೆದುಕೊಟ್ಟಿದ್ದರು. ಶಿವಗಂಗಾ ರೊಟ್ಟಿ ಬಡಿಯುತ್ತಾ ಬಾಯಿಪಾಠ ಮಾಡಿದಳು. ಒಂದು ದಿನ ಅತ್ತೆ ಉಮಾಬಾಯಿ ತೊಗರಿ ಹಸನು ಮಾಡುತ್ತಾ, ನೀರು ಸೇದಿದೆಯಾ ಎಂದು ತೆಲುಗಿನಲ್ಲಿ ಸುಮ್ಮನೆ ಕೇಳಿದಳು. ಸೊಸೆ ನೆಟ್ಟಗೆ ನಿಂತು ಆರನೆಯ ಉತ್ತರ ಒಪ್ಪಿಸಿದಳು: ನನಗೆ ಇಬ್ಬರು ಅಣ್ಣತಮ್ಮಂದಿರು.

"ಛಲೋ ಆತು" ಎಂದಳು ಉಮಾಬಾಯಿ. "ಅವರ್ನರ ಕರಿ, ನೀರು ಸೇದಲಿ."

ಸೆಪ್ಟೆಂಬರಿನಲ್ಲಿ ಸಕಲ ಜನರ ಮುಷ್ಕರ ಶುರುವಾಯಿತು. ಪ್ರತ್ಯೇಕ ತೆಲಂಗಾಣ ರಾಜ್ಯ ಕೊಡುವ ತನಕ ಆಫೀಸಿಲ್ಲ, ಶಾಲೆಯಿಲ್ಲ, ಬಸ್ಸಿಲ್ಲ. ಮಾಸ್ತರರು ಜಹೀರಾಬಾದಿನ ಮುಷ್ಕರದ ಪೆಂಡಾಲಿಗೆ ಹೋಗಿ ಕೂತರು. ಸಂದರ್ಶನ ಮುಂದೆ ಹೋಯಿತು. ಪಾಠವೂ ನಿಂತಿತಲ್ಲ ಎಂದು ಶಿವಗಂಗಾ ಅಳುಮೋರೆ ಮಾಡಿದರೆ, ಉಮಾಬಾಯಿ ವಹಿಯನ್ನು ಎತ್ತಿ ಗೋಡೆಯ ಮಾಡದಲ್ಲಿಟ್ಟಳು.

"ನಾ ಸಾಲಿ ಮೆಟ್ಟಿಲು ಹತ್ತಿದಾಕಿ ಅಲ್ಲ. ಮೊಸರು ಮಾರಾಕ ಹೋಗಿ ತೆಲುಗು ಕಲ್ತೆ. ಮೊಸರು ಸಂಜೀಕ ಹುಳಿ ಆಗ್ತದ, ಅಷ್ಟರಾಗ ಖಾಲಿ ಮಾಡಬೇಕು. ಅದೇ ನನಗ ಮಾಸ್ತರ. ನಾಳಿಂದ ನಿನಗ ದಿನಾ ಒಂದು ಕೆಲಸ ಹೇಳ್ತೀನಿ. ಕೆಲಸ ಮುಗಿಸಿ ಬಾ. ಮಾತು ಹೆಂಗರ ಇರಲಿ, ಸೊಟ್ಟರ ಇರಲಿ, ಕುಂಟರ ಇರಲಿ. ತಿದ್ದೋದು ಮನಿಗಿ ಬಂದ ಮ್ಯಾಲ."

ಮೊದಲನೆಯ ಕೆಲಸ, ಬಟ್ಟೆ ಹೊಲಿಯುವ ಮೋನಮ್ಮನ ಹತ್ತಿರ ಹೋಗಿ ಜಂಪರಿನ ತೋಳು ಸಡಿಲ ಮಾಡಿಸಿಕೊಂಡು ಬರುವುದು. ಶಿವಗಂಗಾ ಏನು ಹೇಳಿದಳೋ, ಮೋನಮ್ಮ ಏನು ತಿಳಿದಳೋ, ಜಂಪರು ತೋಳೇ ಇಲ್ಲದೆ ಬಂತು. ಉಮಾಬಾಯಿ ಬೈಯಲಿಲ್ಲ. ಪಕ್ಕದಲ್ಲಿ ಕೂಡಿಸಿಕೊಂಡು, ನೀನು ಏನಂದೆ, ಆಕೆ ಏನಂದಳು ಎಂದು ಒಂದೊಂದೇ ಮಾತು ಹೊರತೆಗೆಸಿದಳು. ಎಲ್ಲಿ ತಪ್ಪಿತು ಎನ್ನುವುದನ್ನು ಸೊಸೆಯೇ ಹಿಡಿದಳು.

"ಇದು ಮರೆಯೋದಿಲ್ಲ ಬಿಡು" ಎಂದಳು ಅತ್ತೆ. "ಥಂಡಿ ಬಂದಾಗೆಲ್ಲ ನೆನಪಾಗ್ತದ."

ಎರಡನೆಯ ದಿನ, ಬಸ್ಸಿಲ್ಲದ ಕಾಲದಲ್ಲಿ ಜಹೀರಾಬಾದಿಗೆ ಹೋಗುವ ಜೀಪು ಎಷ್ಟಕ್ಕೆ ಬಿಡುತ್ತದೆ ಎಂದು ಕೇಳಿ ಇಬ್ಬರಿಗೆ ಜಾಗ ಹಿಡಿಯುವುದು. ಆಮೇಲೊಂದು ದಿನ ತೆಲುಗು ಮನೆಯ ಬಾಣಂತಿಯನ್ನು ಮಾತನಾಡಿಸಿ, ಕೂಸಿಗೆ ಯಾಕೆ ಹೊಟ್ಟೆ ನೋಯುತ್ತದೆ ಎಂದು ತಿಳಿದುಕೊಂಡು ಬರುವುದು. ಹೀಗೇ ಮೂರು ವಾರ ನಡೆಯಿತು. ಕೆಲಸದ ಮೇಲೆ ಲಕ್ಷ್ಯ ಇದ್ದಾಗ ನಾಲಿಗೆ ತನ್ನ ಪಾಡಿಗೆ ಹಾದಿ ಹುಡುಕಿಕೊಳ್ಳುತ್ತಿತ್ತು. ಆದರೆ ಒಂದು ಮಾತನ್ನು ಮಾತ್ರ ಶಿವಗಂಗಾ ಅಪ್ಪಿತಪ್ಪಿಯೂ ಆಡುತ್ತಿರಲಿಲ್ಲ.

ಉಮಾಬಾಯಿಗೆ ಅದು ಗೊತ್ತಿಲ್ಲದೆ ಇದ್ದೀತೆ? ಒಂದು ದಿನ ಹೈವೇ ಮೇಲೆ ವಂಟಾ-ವಾರ್ಪು ಇತ್ತು, ಅಂದರೆ ರಸ್ತೆ ತಡೆದು ಅಲ್ಲೇ ಒಲೆ ಹೂಡಿ, ಅಡುಗೆ ಮಾಡಿ ಉಣ್ಣುವ ಚಳವಳಿ. ಇವರ ಊರಿನ ಪಾಲಿಗೆ ಬಂದದ್ದು ಚಹ. ಆ ಮುಂಜಾನೆ ಅತ್ತೆ ಸೊಸೆಯ ಕೈಗೆ ಕೊಡ ಕೊಟ್ಟಳು.

"ತೆಲುಗು ಮಂದಿ ಮನಿಗೆಲ್ಲ ಹೋಗಿ ಹಾಲು ಕೇಳಿ ತಗೊಂಡು ಬಾ."

"ಅತ್ತಿ, ಅದೊಂದು ಬಿಟ್ಟು ಬ್ಯಾರೆ ಏನರ ಹೇಳ್ರಿ."

"ಇನ್ನೂರು ಮಂದಿಗಿ ಕರಿ ಚಹ ಕುಡಸ್ತಿ ಏನು? ಹೋಗು."

ಮೊದಲ ಮನೆಯೇ ಸಾಯಮ್ಮನದು. ಶಿವಗಂಗಾ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ, "ಪಾಲು ಕಾವಾಲೆ" ಎಂದಳು. ಸಾಯಮ್ಮ ಚೌಕಟ್ಟು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ತನ್ನ ಕನ್ನಡದಲ್ಲಿ ಹೇಳಿದಳು:

"ಎರಡು ವರ್ಷ ಆತು ನೋಡು, ನಾನೂ ನಿಮ್ಮ ಬಾಗಿಲಿಗಿ ತಂಬಿಗಿ ತಗೊಂಡು ಬಂದಿಲ್ಲ. ಮತ್ತ ಪಂಚರು ಬಂದ್ರ ಹೆಂಗ ಅಂತ." ಶಿವಗಂಗಾ ತಲೆ ತಗ್ಗಿಸಿದ್ದು ಕಂಡು ಗಲ್ಲ ಹಿಡಿದೆತ್ತಿದಳು. "ಹುಚ್ಚಿ, ನಮ್ಮ ಮಾತಿನ್ಯಾಗ ಹಾಲಿಗೂ ಪಾಲೇ, ಹಿಸ್ಸಾಕೂ ಪಾಲೇ. ಆವತ್ತು ನೀ ಸುಳ್ಳು ಹೇಳಿಲ್ಲ. ರುಮಾಲು ಸುತ್ತಿಕೊಂಡಾವ ನಿನ್ನ ಮಾವ. ಈಗರ ಇಡೀ ತೆಲಂಗಾಣನೇ ಪಾಲು ಕೇಳಾಕ ಹತ್ಯದ, ನಿನಗೊಬ್ಬಾಕಿಗಿ ಯಾಕ ನಾಚಿಕಿ?"

ಶಿವಗಂಗಾಳ ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಸಾಯಮ್ಮ ತಾನೂ ಜೊತೆಗೆ ಹೊರಟಳು. ಏಳನೆಯ ಮನೆಗೆ ಬರುವಷ್ಟರಲ್ಲಿ ಕೊಡ ತುಂಬಿತ್ತು, ಆ ಮಾತು ನಾಲಿಗೆಯ ಮೇಲೆ ಸಕ್ಕರೆಯಂತೆ ಕರಗಿತ್ತು.

ಮುಷ್ಕರ ಮುಗಿದ ಮೇಲೆ ನವೆಂಬರಿನಲ್ಲಿ ಸಂದರ್ಶನಕ್ಕೆ ಕರೆದರು. ಮೇಜಿನ ಆಚೆ ಮೂವರಿದ್ದರು. ನಡುವೆ ಅಂಗನವಾಡಿಗಳ ಮೇಲಧಿಕಾರಿ ಸ್ವರೂಪಾ ಮೇಡಂ. ಅವರು ನಲವತ್ತರಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

"ನಾನು ಒಬ್ಬ ತಾಯಿ ಅಂತ ತಿಳಿ" ಎಂದರು ತೆಲುಗಿನಲ್ಲಿ. "ಎಮ್ಮೆ ಕರೆದ ಹಾಲೆಲ್ಲ ಡೈರಿಗೆ ಹಾಕ್ತೀನಿ. ಕೂಸಿಗೆ ಕರಿ ಚಹ. ನನ್ನನ್ನು ಒಪ್ಪಿಸು, ನೋಡೋಣ."

ಒಂದು ಗಳಿಗೆ ಶಿವಗಂಗಾ ನಲವತ್ತು ಉತ್ತರಗಳಲ್ಲಿ ಇದಕ್ಕೆ ಹೊಂದುವುದನ್ನು ಹುಡುಕಿದಳು. ಮರುಗಳಿಗೆ, ಇದೂ ಒಂದು ಕೆಲಸವೇ ಅಲ್ಲವೇ, ಈ ಮನೆಯಿಂದಲೂ ಹಾಲು ಹೊರಡಿಸಬೇಕು, ಅಷ್ಟೇ ಎನಿಸಿತು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು "ಅಕ್ಕಾ" ಎಂದಳು. ಎಮ್ಮೆ ಎಷ್ಟು ಕೊಡುತ್ತದೆ ಎಂದು ಕೇಳಿದಳು, ಕೂಸಿನ ವಯಸ್ಸು ಕೇಳಿದಳು. ಮಾತು ಕುಂಟಿತು, ನಡುನಡುವೆ ಕನ್ನಡ ನುಸುಳಿತು. ಮೇಡಂ ಪಟ್ಟು ಬಿಡಲಿಲ್ಲ. ಹೊಲ, ಮನೆ, ಕಷ್ಟ ಎಲ್ಲ ಹೇಳಿದರು. ಕೊನೆಗೆ ಶಿವಗಂಗಾ ಕೇಳಿದಳು:

"ಅನ್ನದಮ್ಮುಲಕು ಭೂಮಿಲ ಪಾಲು ಉಂಟದಿ ಗದಾ ಅಕ್ಕಾ. ಬಿಡ್ಡಕು ಪಾಲಲ ಪಾಲು ಲೇದಾ?"

ಅಣ್ಣತಮ್ಮಂದಿರಿಗೆ ಭೂಮಿಯಲ್ಲಿ ಪಾಲಿರುತ್ತದಲ್ಲ, ಕೂಸಿಗೆ ಹಾಲಿನಲ್ಲಿ ಪಾಲಿಲ್ಲವೇ?

ಪಕ್ಕದ ಇಬ್ಬರು ನಕ್ಕೇಬಿಟ್ಟರು. ಸ್ವರೂಪಾ ಮೇಡಂ ಪೆನ್ನು ಕೆಳಗಿಟ್ಟು, ಇನ್ನೂ ತಾಯಿಯ ದನಿಯಲ್ಲೇ, "ಆಯ್ತವ್ವಾ, ದಿನಾ ಒಂದು ಗಿಲಾಸ ಕೊಡ್ತೀನಿ" ಎಂದರು.

ಹದಿನೈದು ದಿನಕ್ಕೆ ನೇಮಕದ ಕಾಗದ ಬಂತು. ಕಲ್ಯಾಣಪ್ಪ ಮಾಸ್ತರರು ಅದನ್ನು ಎರಡು ಸಲ ಓದಿ, "ನಲವತ್ತರಾಗ ಎಷ್ಟು ಕೇಳಿದ್ರು?" ಎಂದರು. ಅವರ ಮನಸ್ಸು ಯಾಕೆ ನೋಯಿಸಬೇಕೆಂದು ಶಿವಗಂಗಾ ಚಹ ಸೋಸಿ ಅವರ ಮುಂದಿಟ್ಟಳು. 

ಅಷ್ಟರಲ್ಲಿ ಬಾಗಿಲಲ್ಲಿ ತಂಬಿಗೆಯ ಸದ್ದಾಯಿತು. "ಪಾಲು ಉನ್ನಾಯಾ?" ಎಂದಿತು ಸಾಯಮ್ಮನ ದನಿ.

ಶಿವಗಂಗಾ ಎದ್ದಳು. ಪಡಸಾಲೆಯಿಂದ ಮಾಣಿಕಪ್ಪ ಕೂಗಿ ಹೇಳಿದ:

"ಯಾವ ಪಾಲು ಅಂತ ಮೊದ್ಲ ಕೇಳವ್ವಾ. ರುಮಾಲು ಒಗ್ಯಾಕ ಹಾಕೀನಿ."