ನವರಂಗ ಇರುವಷ್ಟು ದಿನ

ರಾಮಕೃಷ್ಣನಗರದ ಆ ಬೀದಿಯಲ್ಲಿ ರಾಮಯ್ಯನೆಂದರೆ ಎಲ್ಲರಿಗೂ ಬೇಕಾದವನು. ಯಾರ ಮನೆ ಮೋಟಾರು ಕೆಟ್ಟರೂ ಸ್ಪ್ಯಾನರ್ ಹಿಡಿದು ಓಡುವವನು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಆ ಗಾದೆಯನ್ನು ಇವನನ್ನು ನೋಡಿಯೇ ಕಟ್ಟಿರಬೇಕು. ಸಾರಿಗೆ ಉಪ್ಪು ಹೆಚ್ಚಾದರೆ ಏಟು, ಕಡಿಮೆಯಾದರೂ ಏಟು, ಸರಿಯಾಗಿದ್ದರೆ ದಿನಾ ಹೀಗೆ ಮಾಡೋಕೇನು ಅಂತ ಏಟು. ಹೊಡೆದಾದ ಮೇಲೆ ಬೆವರು ಒರೆಸಿಕೊಳ್ಳುತ್ತ ಒಂದೇ ಮಾತು: "ಏನ್ ಮಾಡ್ಲಿ ವಸಂತಾ, ಕೋಪ ಬಂದ್ಬುಟ್ರೆ ಈ ಕೈ ನನ್ ಮಾತು ಕೇಳಕಿಲ್ಲ ಕಣೇ."

ಅವನ ಹೆಂಡತಿ ವಸಂತಮ್ಮ ಅದನ್ನು ನಂಬಿದ್ದಳು. ಕೆಲವರಿಗೆ ಮೂರ್ಛೆರೋಗ ಇರುವ ಹಾಗೆ ಇವನಿಗೆ ಇದು ಅಂದುಕೊಂಡಿದ್ದಳು. ಮುಖ ಊದಿಕೊಂಡ ದಿನ ಪಕ್ಕದ ಮನೆ ಪ್ರೇಮಲೀಲಾ ಕಾಂಪೌಂಡಿನ ಮೇಲಿಂದ ಕೇಳಿದರೆ, "ಬಚ್ಚಲಲ್ಲಿ ಜಾರಿಬಿದ್ದೆ ಕಣ್ರೀ" ಅನ್ನುತ್ತಿದ್ದಳು.

ಆದರೂ ವರ್ಷಕ್ಕೊಮ್ಮೆ ಅವಳಿಗೆ ಬಿಡುವು ಸಿಗುತ್ತಿತ್ತು. ಕೊಟ್ಟದ್ದು ದೇವರಲ್ಲ, ಒಂದು ಹಕ್ಕಿ. ದೀಪಾವಳಿಯ ಆಸುಪಾಸಿನಲ್ಲಿ ಹಿತ್ತಲ ಸೀಬೆಮರದ ಕೆಳಗೆ ನವರಂಗ ಬಂದಿಳಿಯುತ್ತಿತ್ತು. ಹಸಿರು ಬೆನ್ನು, ಕೆಂಪು ಹೊಟ್ಟೆ, ಮೋಟು ಬಾಲ. ಹಿಮಾಲಯದ ಕಡೆಯಿಂದ ಹಾರಿ ಬರುವ ಹಕ್ಕಿ. ಯುಗಾದಿ ಹತ್ತಿರ ಬರುವವರೆಗೂ ತರಗೆಲೆ ಕೆದಕಿ ಹುಳ ತಿನ್ನುತ್ತ ಅಲ್ಲೇ ಇರುತ್ತಿತ್ತು. ಸಂಜೆ ಕತ್ತಲಾಗುವ ಹೊತ್ತಿಗೆ ಎರಡು ಸ್ವರದ ಸಿಳ್ಳೆ ಹಾಕುತ್ತಿತ್ತು. ರಾಮಯ್ಯನಿಗೆ ಅದೆಂದರೆ ಪ್ರಾಣ. ಗಲಾಟೆಯಾದರೆ ಎಲ್ಲಿ ಎದ್ದು ಹೋಗುತ್ತದೋ ಎಂದು ಅದಿರುವಷ್ಟು ದಿನ ದನಿ ಎತ್ತುತ್ತಿರಲಿಲ್ಲ, ಕೈಯನ್ನೂ ಎತ್ತುತ್ತಿರಲಿಲ್ಲ. ಅಯ್ಯಪ್ಪನ ಮಾಲೆ ಹಾಕಿದವರೂ ಅಷ್ಟು ಕಟ್ಟುನಿಟ್ಟಾಗಿರುವುದಿಲ್ಲ. ವಸಂತಮ್ಮ ಆ ಮೂಲೆಗೆ ಪೊರಕೆ ಸೋಕಿಸದೆ, ತರಗೆಲೆಗೆ ನೀರು ಚಿಮುಕಿಸಿ ಹುಳ ಏಳುವಂತೆ ನೋಡಿಕೊಳ್ಳುತ್ತಿದ್ದಳು. ಹಕ್ಕಿಯ ಮೇಲಿನ ಪ್ರೀತಿಗಲ್ಲ, ತನ್ನ ಬೆನ್ನಿನ ಮೇಲಿನ ಪ್ರೀತಿಗೆ.

ಈ ವರ್ಷ ರಾಮಯ್ಯ ಹಕ್ಕಿಯನ್ನು ಕುರ್ಚಿಯಲ್ಲಿ ಕೂತೇ ನೋಡಬೇಕೆಂದು ಹಿತ್ತಲ ಕಡೆಯ ಗೋಡೆ ಒಡೆಸಿ ದೊಡ್ಡ ಗಾಜು ಹಾಕಿಸಿದ. ಹಬ್ಬಕ್ಕೆಂದು ವಸಂತಮ್ಮ ಅದನ್ನು ಉಜ್ಜಿ ಉಜ್ಜಿ ಹೊಳೆಸಿದಳು. ಸೀಬೆಮರ ಗಾಜಿನೊಳಗೇ ಬೆಳೆದಂತೆ ಕಾಣುತ್ತಿತ್ತು. ನವರಂಗ ಬಂತು. ಬಂದ ವಾರದಲ್ಲೇ, ರಾಮಯ್ಯ ಕೆಲಸಕ್ಕೆ ಹೋಗಿದ್ದಾಗ, ಗಾಜಿನೊಳಗಿನ ಆ ಮರಕ್ಕೆ ಹಾರಿತು. ಢಪ್ಪೆಂದ ಸದ್ದಿಗೆ ವಸಂತಮ್ಮ ಓಡಿಬಂದಾಗ ಕತ್ತು ಮುರಿದು ಬಿದ್ದಿತ್ತು. ಕೊಕ್ಕಿನ ತುದಿಯಲ್ಲಿ ಒಂದು ಹನಿ ರಕ್ತ, ಮೈ ಇನ್ನೂ ಬಿಸಿ.

ಅದನ್ನು ಅಂಗೈಯಲ್ಲಿ ಹಿಡಿದು ಅವಳು ಅಲ್ಲೇ ಕೂತಳು. ಗಾಜು ಉಜ್ಜಿದ್ದು ಯಾರು ಅಂತ ಅವನು ಕೇಳದೆ ಇರುತ್ತಾನೆಯೇ? ಯುಗಾದಿ ಇನ್ನೂ ಎಷ್ಟು ದೂರ! ಸನಿಕೆ ತಂದು ಹಿತ್ತಲ ನೀರಿನ ತೊಟ್ಟಿಯ ಹಿಂದೆ ಗುಂಡಿ ತೋಡಿ ಹೂತಳು.

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಅವತ್ತು ಸಂಜೆ ಪಾತ್ರೆ ತೊಳೆಯುವ ನೆಪದಲ್ಲಿ ತೊಟ್ಟಿಯ ಹಿಂದೆ ಕೂತು, ತುಟಿ ಒದ್ದೆ ಮಾಡಿಕೊಂಡು ತಾನೇ ನವರಂಗದ ಸಿಳ್ಳೆ ಹಾಕಿದಳು. ಹುಡುಗಿಯಾಗಿದ್ದಾಗ ಆಡು ಕಾಯುತ್ತ ಕಲಿತದ್ದು. ಹೆಣ್ಣುಮಕ್ಕಳು ಸಿಳ್ಳೆ ಹಾಕಬಾರದೆಂದು ಅವ್ವ ಬಾಯಿಗೆ ಬಡಿದು ಬಿಡಿಸಿದ್ದಳು. ಒಳಗೆ ರಾಮಯ್ಯ ಟೀವಿಯ ಸದ್ದು ತಗ್ಗಿಸಿ ಕಿವಿಗೊಟ್ಟ.

ಕೆಲವು ಸಂಜೆ ಹೀಗೇ ನಡೆಯಿತು. "ಬರೀ ಕೂಗ್ತದೆ, ಕಣ್ಣಿಗೇ ಬೀಳ್ತಿಲ್ವಲ್ಲೇ" ಎಂದು ಅವನು ಗೊಣಗುತ್ತಿದ್ದ. ಒಂದು ಸಂಜೆ ತಡೆಯಲಾರದೆ ಬರಿಗಾಲಲ್ಲಿ, ಸದ್ದಿಲ್ಲದೆ, ತೊಟ್ಟಿಯ ಹಿಂದಕ್ಕೆ ಬಂದ. ತುಟಿ ಮುಂದೆ ಮಾಡಿಕೊಂಡು ಸಿಳ್ಳೆ ಹಾಕುತ್ತಿದ್ದ ಹೆಂಡತಿಯನ್ನು ಕಂಡ.

"ಹಕ್ಕಿ ಎಲ್ಲೇ?"

"ಸತ್ತೋಯ್ತು ಕಣ್ರೀ. ಗಾಜಿಗೆ ಬಡ್ಕೊಂಡು."

ಮೊದಲ ಏಟಿಗೆ ಅವಳ ತುಟಿ ಒಡೆಯಿತು. ಎರಡನೆಯದಕ್ಕೆ ತಲೆ ತೊಟ್ಟಿಯ ಅಂಚಿಗೆ ಬಡಿಯಿತು. ಜುಟ್ಟು ಹಿಡಿದು ತರಗೆಲೆಯ ಮೇಲೆ ಎಳೆದಾಡಿ ಪಕ್ಕೆಗೆ ಒದ್ದ. "ಮೂಕಪ್ರಾಣಿ ಕೊಂದ್ಬುಟ್ಟು ನಂಗೇ ನಾಟ್ಕ ಆಡ್ತೀಯಾ? ಅದು ಇರ್ಲಿ ಅಂತ ಹಲ್ಲು ಕಚ್ಕೊಂಡು ಈ ಕೈನ ತಡ್ಕೊಂಡಿದ್ದೆ ಕಣೇ! ನೀನು ಏನ್ ಮಾಡಿದ್ರೂ ಸುಮ್ಕಿದ್ದೆ!"

ಏಟು ವಸಂತಮ್ಮನಿಗೆ ಹೊಸದಲ್ಲ. ಆ ಮಾತು ಹೊಸದು. ಬಾಯಿಯ ರಕ್ತ ಉಗುಳಿ ಅವನ ಕೈಯನ್ನೇ ನೋಡಿದಳು. ಹಾಗಾದರೆ ಕೈ ಮಾತು ಕೇಳುತ್ತಿತ್ತು. ಪ್ರತಿ ವರ್ಷ, ತಿಂಗಳುಗಟ್ಟಲೆ ಕೇಳುತ್ತಿತ್ತು. ಹಿಡಿಗಾತ್ರದ ಹಕ್ಕಿಗೋಸ್ಕರ ಕೇಳುವ ಕೈ ಅವಳಿಗೋಸ್ಕರ ಮಾತ್ರ ಕೇಳಿರಲಿಲ್ಲ. ಇಷ್ಟು ಕಾಲ ಕಣ್ಣೆದುರೇ ಇದ್ದದ್ದು ತನಗೆ ಕಾಣಲಿಲ್ಲವಲ್ಲ ಎಂದು ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅವನು ಮತ್ತೆ ಕೈ ಎತ್ತಿದ. ಹಕ್ಕಿ ಹೂತ ಸನಿಕೆ ಅಲ್ಲೇ ಬಿದ್ದಿತ್ತು. ಎರಡೂ ಕೈಯಲ್ಲಿ ಹಿಡಿದು ಬೀಸಿದಳು. ಅವನ ಮಣಿಕಟ್ಟಿನ ಮೂಳೆ ಲಟಕ್ಕೆಂದಿತು. ರಾಮಯ್ಯ ಅರಚಿಕೊಂಡು ಮಂಡಿಯೂರಿದ. ಇನ್ನೊಂದು ಏಟು ಹೆಗಲಿಗೆ ಬಿತ್ತು. ಆಮೇಲೆ ತಿರುಗಿ ಗಾಜಿಗೆ ಬೀಸಿದಳು. ಅಷ್ಟು ದೊಡ್ಡ ಗಾಜು ಚೂರುಚೂರಾಗಿ ಸುರಿಯಿತು.

"ಬ್ಯಾಡ ಕಣೇ ವಸಂತಾ! ಸಾಕು ಕಣೇ!"

"ಹಕ್ಕಿಗೆ ತಡ್ಕೊಂಡ್ರಲ್ಲ, ನಂಗ್ಯಾಕೆ ತಡ್ಕೊಳ್ನಿಲ್ಲ? ಹೇಳ್ರೀ!"

ಸದ್ದು ಕೇಳಿ ಪ್ರೇಮಲೀಲಾ ಕಾಂಪೌಂಡಿನ ಮೇಲಿಂದ ಇಣುಕಿ, ಜೋತುಬಿದ್ದ ಕೈ ಕಂಡು ಹೌಹಾರಿದಳು. "ಅಯ್ಯೋ, ಏನಾಯ್ತು ರಾಮಯ್ಯನೋರೇ?"

ರಾಮಯ್ಯ ಹೆಂಡತಿಯ ಕೈಯಲ್ಲಿದ್ದ ಸನಿಕೆಯನ್ನು ನೋಡಿದ. "ಬಚ್ಚಲಲ್ಲಿ ಜಾರಿಬಿದ್ದೆ ಕಣಮ್ಮ."

"ಸುಳ್ಳು ಕಣ್ರೀ ಪ್ರೇಮಲೀಲಾ, ನಾನೇ ಹೊಡ್ದೆ," ಎಂದಳು ವಸಂತಮ್ಮ. ಸನಿಕೆಯನ್ನು ಕೆಳಗಿಡಲಿಲ್ಲ. "ನಾನೂ ಯಾವತ್ತೂ ಬಚ್ಚಲಲ್ಲಿ ಜಾರಿಬಿದ್ದಿಲ್ಲ."