ಮೂರನೆಯ ದಿನದ ಚಳಿ

ಶರತ್ಕಾಲದ ಆ ಅಪರಾಹ್ನದಲ್ಲಿ ಬೆಳಕು ಮಳೆ ತೊಳೆದ ಗಾಜಿನಂತೆ ನಿರ್ಮಲವಾಗಿತ್ತು. ಬೀದಿಯುದ್ದಕ್ಕೂ ಹೊಂಬಣ್ಣದ ಎಲೆಗಳು ಯಾರಿಗೂ ಹೇಳದ ಗುಟ್ಟುಗಳಂತೆ ನಿಶ್ಶಬ್ದವಾಗಿ ಉದುರುತ್ತಿದ್ದವು. ಸಹೃದಯನೇ, ಅಂಥ ಪ್ರಸನ್ನ ವೇಳೆಯಲ್ಲಿಯೂ ಒಂದು ಹೃದಯವನ್ನು ಸಂಶಯದ ಕಾರ್ಮೋಡ ಕವಿದಿತ್ತೆಂದರೆ ನಂಬುವೆಯಾ?...

ಅದು ಪುಸ್ತಕಗಳಿಗೆ ರಟ್ಟು ಕಟ್ಟುವವನ ಹೆಂಡತಿಯ ಹೃದಯ. ಕೆಳಗೆ ಅಂಟಿನ ವಾಸನೆಯ ಕಾರ್ಯಾಗಾರ, ಮೇಲೆ ಅವಳು ಮಕ್ಕಳಿಗೆ ಸಂಗೀತ ಹೇಳಿಕೊಡುವ ಕೋಣೆ. ನಡುವೆ ಇಪ್ಪತ್ತಾರು ವರ್ಷಗಳ ದಾಂಪತ್ಯ. ಮೊನ್ನೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಗದ ತರುವೆನೆಂದು ಹೋದವನು ಸಂಜೆ ಬರಿಗೈಯಲ್ಲಿ ಬಂದಿದ್ದ. ಅಂದಿನಿಂದ ಅವನ ಹಾಸಿಗೆ ಕೆಳಗಿನ ಕಾರ್ಯಾಗಾರದಲ್ಲೇ. ತನ್ನ ಬಟ್ಟೆ ತಾನೇ ಒಗೆಯುತ್ತಿದ್ದ. ಅವಳು ಭುಜದ ಮೇಲೆ ಕೈಯಿಟ್ಟರೆ ಬೆದರಿದ ಹಕ್ಕಿಯಂತೆ ಸರಿಯುತ್ತಿದ್ದ!

"ಮೊನ್ನೆ ಯಾರನ್ನ ನೋಡೋಕೆ ಹೋಗಿದ್ರಿ?"

"ಯಾರೂ ಇಲ್ಲ. ಯಾವ ಹೆಂಗಸೂ ಇಲ್ಲ."

"ಹೆಂಗಸು ಅಂತ ನಾನಂದೆನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕ್ರೀ ಮುಟ್ಟಿ ನೋಡ್ಕೋತೀರಿ?"

ಅವನು ತಲೆ ತಗ್ಗಿಸಿ, ನಿಂತೇ ಪುಸ್ತಕದ ಹಾಳೆಗಳನ್ನು ಹೊಲಿಯತೊಡಗಿದ್ದ. ಮೂರು ದಿನಗಳಿಂದ ಅವನು ಕುಳಿತದ್ದನ್ನೇ ಅವಳು ಕಂಡಿರಲಿಲ್ಲ.

ಮೂರನೆಯ ದಿನದ ಆ ಅಪರಾಹ್ನ ಅವಳು ಸದ್ದಿಲ್ಲದೆ ಇಳಿದು ಬಂದಳು. ಬಾಗಿಲ ಹಿಂದೆ ಅಡಗಿಸಿಟ್ಟ ಟವೆಲಿನಲ್ಲಿ ಕೆಂಪು ಕಲೆ... ಯಾವಳ ತುಟಿಯ ಬಣ್ಣವಿದು? ಅಷ್ಟರಲ್ಲಿ ಮೂಲೆಯಿಂದ ನರಳಾಟ! ಕಾಗದದ ರಾಶಿಗೆ ಒರಗಿ ಅವನು ಗಡಗಡ ನಡುಗುತ್ತಿದ್ದ. ಹಣೆ ಕಾದ ಹೆಂಚಾಗಿತ್ತು.

"ಆಸ್ಪತ್ರೆಗೆ ಹೋಗಿದ್ದೆ ಕಣೇ... ಪ್ರಾಸ್ಟೇಟ್ ಗ್ರಂಥಿಗೆ ಸೂಜಿ ಹಾಕಿ ಹನ್ನೆರಡು ಚೂರು ತೆಗೆದ್ರು, ಕ್ಯಾನ್ಸರೇನೋ ಅಂತ ನೋಡೋಕೆ. ಕೂತ್ರೆ ನೋವು, ಮೂತ್ರದಲ್ಲಿ ರಕ್ತ. ಬೆಳಿಗ್ಗೆಯಿಂದ ಮೂತ್ರಾನೇ ಆಗ್ತಿಲ್ಲ."

"ನನಗ್ಯಾಕೆ ಹೇಳ್ಲಿಲ್ಲ?"

"ವೀರ್ಯದಲ್ಲೂ ರಕ್ತ ಬರಬಹುದು ಅಂದ್ರು... ನಿನ್ನ ಹತ್ರ ಬರೋಕೇ ನಾಚಿಕೆಯಾಯ್ತು."

ಅವಳು ಬಾಡಿಗೆ ಕಾರು ಕರೆಸಿದಳು.

ಆಸ್ಪತ್ರೆಯಲ್ಲಿ ವೈದ್ಯೆ ಗದರಿದಳು: "ರಕ್ತ ಸ್ವಲ್ಪ ದಿನ ಬರೋದು ಸಹಜ. ಆದ್ರೆ ಚಳಿಜ್ವರ ಬಂದ್ರೆ, ಮೂತ್ರ ಕಟ್ಟಿದ್ರೆ ತಕ್ಷಣ ಬನ್ನಿ ಅಂತ ಹೇಳಿರಲಿಲ್ವಾ? ಸೋಂಕು ರಕ್ತಕ್ಕೆ ಇಳಿದ್ರೆ ಜೀವಕ್ಕೇ ಅಪಾಯ!"

ನಳಿಗೆ ಹಾಕಿ ಮೂತ್ರ ಇಳಿಸಿದರು. ನರದೊಳಗೆ ಔಷಧ ಹನಿಹನಿಯಾಗಿ ಸೇರಿತು. ಎರಡು ದಿನ ಅವಳು ಅವನ ಕೈ ಬಿಡಲಿಲ್ಲ. ಮೂರನೆಯ ಮುಂಜಾವು ಜ್ವರ ಮಂಜಿನಂತೆ ಕರಗಿತು. ವಾರದ ನಂತರ ವರದಿ ಬಂತು: ಒಂದೇ ಒಂದು ಚೂರಿನಲ್ಲಿ ನಿಧಾನವಾಗಿ ಬೆಳೆಯುವ ಕ್ಯಾನ್ಸರಿನ ಪುಟ್ಟ ಕುರುಹು; ಸದ್ಯಕ್ಕೆ ಶಸ್ತ್ರಚಿಕಿತ್ಸೆ ಬೇಡ, ಆಗಾಗ ಪರೀಕ್ಷಿಸುತ್ತಿದ್ದರೆ ಸಾಕು.

"ನನ್ನ ಮೇಲೆ ಸಂಶಯ ಪಟ್ಟಿದ್ಯಾ?"

"ಪಟ್ಟಿದ್ದೆ. ಆ ಹೆಂಗಸನ್ನ ಬೈಯೋಕೆ ಮಾತೂ ಜೋಡಿಸಿಟ್ಟಿದ್ದೆ. ಎಲ್ಲಾ ದಂಡ ಆಯ್ತು!"

ಅವನು ನಕ್ಕ, ನಕ್ಕಿದ್ದಕ್ಕೆ ನೋವಾಗಿ, ಅವಳ ಮಣಿಕಟ್ಟು ಹಿಡಿದ.

ಸಹೃದಯನೇ, ಹರ್ಷವನ್ನು ಹಂಚಿಕೊಳ್ಳಲು ಯಾರಿಗೂ ಪ್ರೇಮ ಬೇಕಿಲ್ಲ. ತನ್ನ ಭಗ್ನದೇಹದ ಲಜ್ಜೆಯನ್ನು ಇನ್ನೊಬ್ಬರ ಮಡಿಲಲ್ಲಿಡಲು ಮಾತ್ರ ಎಂಥ ಧೈರ್ಯ ಬೇಕು... ಅದನ್ನು ಜುಗುಪ್ಸೆಯಿಲ್ಲದೆ ಎತ್ತಿಕೊಳ್ಳಲು ಎಂಥ ಅನುರಾಗ!