ಹತ್ತು ತಟ್ಟು

"ಅಂಗಿ ಮೇಲಕ್ಕೆತ್ತಿ, ಬಲಗೈ ತಲೆಯ ಹಿಂದೆ ಇಟ್ಕೊಳ್ಳಿ," ಎಂದಳು ನರ್ಸ್. ಪುಟ್ಟಬಸವಯ್ಯ ಅಂಗಾತ ಮಲಗಿ, ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ಎಡಕ್ಕೆ ಸರಿಸಿಕೊಂಡ. ಸೂಜಿ ಚುಚ್ಚುವುದಿಲ್ಲವೆಂದು ನಾಲ್ಕು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದರೂ ಕಣ್ಣು ಬಿಡಲಿಲ್ಲ. ಚಿಕ್ಕಯ್ಯನಛತ್ರದಲ್ಲಿ ರಾಗಿ ಮಿಲ್ಲು ನಡೆಸುವ, ಬೀಡಿಯನ್ನೂ ಸೇದದ ಮನುಷ್ಯನಿಗೆ ಲಿವರಿನ ಕಾಯಿಲೆ! ಕದ್ದು ಕುಡಿಯುತ್ತಾನೆಂದು ಊರವರು ಎಂದೋ ತೀರ್ಮಾನಿಸಿದ್ದರು. ಊರ ಬಾಯಿ ಮುಚ್ಚಿಸಲಾದೀತೆ?

ಮೂಲೆಯಲ್ಲಿ ನಿಂತ ಹೆಂಡತಿ ಚನ್ನಬಸಮ್ಮ ಮಾತ್ರ ಕಣ್ಣು ಕೀಲಿಸಿ ನೋಡುತ್ತಿದ್ದಳು. ನರ್ಸ್ ಬೆರಳಿನಿಂದ ಪಕ್ಕೆಲುಬುಗಳ ಸಂದು ಹುಡುಕಿ, ಮೈಸೂರಿನಿಂದ ನಂಜನಗೂಡಿನ ಆಸ್ಪತ್ರೆಗೆ ಆ ದಿನದ ಮಟ್ಟಿಗೆ ತರಿಸಿದ್ದ ಯಂತ್ರದ ಮೂತಿಯನ್ನು ಒತ್ತಿದಳು. ಟಕ್. ಮತ್ತೊಂದು ಟಕ್. ಹೀಗೆ ಹತ್ತು ಸಲ ತಟ್ಟಿದರೆ ಲಿವರು ಎಷ್ಟು ಗಟ್ಟಿಯಾಗಿದೆಯೆಂದು ತಿಳಿಯುತ್ತದಂತೆ. ಆ ಹುಡುಗಿಯ ಬೆರಳುಗಳನ್ನು ಕಂಡು ಚನ್ನಬಸಮ್ಮನಿಗೆ ಹೊಟ್ಟೆಕಿಚ್ಚಾಯಿತು. ಆ ಪಕ್ಕೆಯನ್ನು ಅವಳು ಮುಟ್ಟಿ ಏಳು ವರ್ಷವಾಗಿತ್ತು.

ಅವನ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆಯೆಂದು 2002ರಲ್ಲಿ ಗೊತ್ತಾದಾಗ, "ಹೆಂಡತಿಗೆ ಲಸಿಕೆಯ ಮೂರು ಇಂಜೆಕ್ಷನ್ ಆಗೋವರೆಗೂ ದೂರ ಇರಿ," ಎಂದಿದ್ದರು ಆಗಿನ ಡಾಕ್ಟರು. ಆರು ತಿಂಗಳಲ್ಲಿ ಮೂರೂ ಆದವು. ಇನ್ನು ಹತ್ತಿರ ಬರಬಹುದೇ ಎಂದು ಅವನು ಕೇಳಲಿಲ್ಲ, ನಾಚಿಕೆ. ಅವಳೂ ಕೇಳಲಿಲ್ಲ. ಹೆಂಗಸು ಕೇಳುವ ಮಾತೇ ಅದು? ಅವನಿಗೆ ಮಿಲ್ಲಿನಲ್ಲಿ ಮಲಗುವುದು ರೂಢಿಯಾಯಿತು. ಅವಳಿಗೆ ಅವನ ಹಿಟ್ಟು ಮೆತ್ತಿದ ಅಂಗಿಯನ್ನು ಒಗೆಯುವ ಮೊದಲು ಮುಖಕ್ಕೆ ಒತ್ತಿಕೊಳ್ಳುವುದು ರೂಢಿಯಾಯಿತು.

ಡಾಕ್ಟರು ಯಂತ್ರದಿಂದ ಬಂದ ಚೀಟಿ ನೋಡಿದರು. "ಐದೂವರೆ. ಲಿವರ್ ಮೆತ್ತಗೇ ಇದೆ, ಭಯ ಇಲ್ಲ. ಆರು ತಿಂಗಳಿಗೊಮ್ಮೆ ಬಂದು ತೋರಿಸ್ಕೊಳ್ಳಿ."

"ನಡಿ, ಓಗವ," ಎಂದು ಪುಟ್ಟಬಸವಯ್ಯ ಎದ್ದ.

ಚನ್ನಬಸಮ್ಮ ಕದಲಲಿಲ್ಲ. "ಸಾ, ನಂಗೆ ಮೂರು ಇಂಜೆಕ್ಷನ್ನೂ ಆಗೋಯ್ತು. ಇವ್ರು ಇನ್ನೂ ಮಿಲ್ನಲ್ಲೇ ಮನಗ್ತಾರೆ. ಇನ್ನೆಷ್ಟು ದಿನ ಸಾ?"

"ಲೇ, ಸುಮ್ಕಿರು!" ಅವನ ಕಿವಿಗಳು ಕೆಂಪಾದವು.

ಡಾಕ್ಟರು ಕನ್ನಡಕ ತೆಗೆದರು. "ನಿಮ್ಮ ರಕ್ತದ ರಿಪೋರ್ಟೂ ಇಲ್ಲೇ ಇದೆಯಲ್ಲಮ್ಮ, ಲಸಿಕೆ ಚೆನ್ನಾಗಿ ಹಿಡಿದಿದೆ. ದೂರ ಇರಬೇಕಾಗಿದ್ದು ಆ ಆರು ತಿಂಗಳು ಅಷ್ಟೆ."

ನಂಜನಗೂಡಿನ ಬಸ್‌ಸ್ಟ್ಯಾಂಡಿನವರೆಗೂ ಅವನು ನಾಲ್ಕು ಹೆಜ್ಜೆ ಮುಂದೆಯೇ ನಡೆದ. ಬಸ್ಸಿನಲ್ಲಿ ಅವನು ಕಿಟಕಿಗೆ ಒತ್ತಿಕೊಂಡು, ಎಂದಿನಂತೆ ನಡುವೆ ಗೇಣಗಲ ಜಾಗ ಬಿಟ್ಟು ಕೂತ.

"ಡಾಕ್ಟ್ರು ಮುಂದೆ ಮಾನ ಕಳದ್ಬುಟ್ಟೆ."

"ಏಳು ವರ್ಸ ಕಳದೋಯ್ತಲ್ಲ, ಅದ್ಕಿಂತ್ಲಾ?" ಎಂದಳು ಅವಳು.

ಊರ ದಾರಿಯ ತಿರುವಿನಲ್ಲಿ ಬಸ್ಸು ವಾಲಿದಾಗ ಅವಳು ಅವನ ಮೇಲಕ್ಕೆ ಒರಗಿದಳು. ತಿರುವು ಮುಗಿದು ರಸ್ತೆ ನೆಟ್ಟಗಾಯಿತು. ಅವಳು ನೆಟ್ಟಗಾಗಲಿಲ್ಲ, ಅವನೂ ಸರಿಯಲಿಲ್ಲ.